ಏಳನೇ ಪಾಠದ ಹೆಂಗಸರು

ಜುಲೈ 6, ಶನಿವಾರ

ಇವತ್ತು ಏಳನೇ ಪಾಠ ಶುರು ಮಾಡಿದೆ. ಮಾಡಬೇಡಿ ಎಂದಿದ್ದರು, ಮಾಡಿದೆ.

ಪುಸ್ತಕ ವಿಯೆಟ್ನಾಮಿನವರಿಗೆಂದೇ ಮಾಡಿದ್ದು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅವರ ಭಾಷೆಯಲ್ಲಿ ಅರ್ಥ. ಆರನೇ ಪಾಠ ಅಡುಗೆಮನೆ ಮತ್ತು ಮಾರುಕಟ್ಟೆ, ಎಂಟನೆಯದು ಹವಾಮಾನ. ನಡುವಿನದು ಸಮಾಜ ಮತ್ತು ರಾಜಕೀಯ, ನಲವತ್ತು ಪದ. ಸಿಟಿಜನ್, ರೈಟ್ಸ್, ವೋಟ್, ಅಪೀಲ್, ಪ್ರೊಟೆಸ್ಟ್, ಹೀಗೆ. ನಮ್ಮ ಸ್ವಯಂಸೇವಕರ ಗುಂಪನ್ನು ನಡೆಸುವ ಪ್ರತಾಪ್ ಹೋದ ವಾರವೇ ಫೋನ್ ಮಾಡಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಒಳ್ಳೆಯವನೇ, ಆದರೆ ಸೀನುವುದಕ್ಕೂ ಪರ್ಮಿಷನ್ ಕೇಳುವ ಪೈಕಿ.

"ಮೇಡಂ, ಸಿಕ್ಸ್ ಮುಗೀತಲ್ಲ, ಡೈರೆಕ್ಟಾಗಿ ಎಯ್ಟ್‌ಗೆ ಜಂಪ್ ಮಾಡ್ಬಿಡಿ. ಸೆವೆನ್ ಯಾಕೆ ಸುಮ್ನೆ? ನಾವೆಲ್ಲ ಫಾರಿನರ್ಸು. ವೈಟ್‌ಬೋರ್ಡ್ ಮೇಲೆ 'ಪ್ರೊಟೆಸ್ಟ್' ಅಂತ ಇರೋದನ್ನ ಯಾರಾದ್ರೂ ಫೋಟೋ ತೆಗೆದು ಹಾಕಿದ್ರೆ?"

"ನಾನು ಪದ ಹೇಳ್ಕೊಡ್ತಿದೀನಪ್ಪ, ಮೆರವಣಿಗೆ ಹೊರಡಿಸ್ತಿಲ್ಲ" ಎಂದೆ.

ಮೈಸೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಪೌರನೀತಿ ಕಲಿಸಿದವಳಿಗೆ ಹೇಳುವ ಮಾತೇ ಇದು? ಬದನೆಕಾಯಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕಲಿಸಬಹುದಂತೆ, 'ಹಕ್ಕು' ಎಂಬುದಕ್ಕೆ ಏನನ್ನುತ್ತಾರೆ ಎಂದು ಕಲಿಸಬಾರದಂತೆ.

ಸಿಂಗಪುರದ ಕಲ್ಲಾಂಗ್‌ನಲ್ಲಿ ಒಂದು ವಸತಿ ಬ್ಲಾಕಿನ ಕೆಳಗಿನ ಕೋಣೆ ನಮ್ಮ ಕ್ಲಾಸು. ಎಂಟು ಹೆಂಗಸರು, ಎಂಟೂ ಜನ ಇಲ್ಲಿನವರನ್ನು ಮದುವೆಯಾಗಿ ಬಂದವರು. ಇವರಿಗೆ ಬಾಯಿಪಾಠದ ಹುಚ್ಚು. ಪದ ಕೇಳಿದರೆ ಕಣ್ಣು ಮುಚ್ಚಿ ಇಡೀ ಪುಟ ಒಪ್ಪಿಸುತ್ತಾರೆ, ಅರ್ಥ ಕೇಳಿದರೆ ನಗುತ್ತಾರೆ. ಅದಕ್ಕೇ ನನ್ನದೊಂದು ನಿಯಮ: ಪ್ರತಿ ಪದಕ್ಕೂ ತಮ್ಮ ಬದುಕಿನಿಂದಲೇ ಒಂದು ವಾಕ್ಯ ಮಾಡಬೇಕು. 'ವೋಟ್' ಕೊಟ್ಟಾಗ ಬಾಯಿಬಡುಕಿ ಬಿಕ್ ಹೇಳಿದಳು, "ನಮ್ಮ ಮನೆಯಲ್ಲಿ ಮೀನಿನ ಸಾರಿಗೆ ಅತ್ತೆಯ ವೋಟು, ಗಂಡನ ವೋಟು. ನನಗೆ ಪಾತ್ರೆ." ಎಲ್ಲರೂ ನಕ್ಕರು, ನಾನೂ ನಕ್ಕೆ.

'ಡಿಪೆಂಡೆಂಟ್' ಬಂದಾಗ ಲಿಯೆನ್ ಎದ್ದು ನಿಂತಳು. ಮೆಕಾಂಗ್ ನದಿಯ ಕಡೆಯವಳು, ಮೂವತ್ತೆರಡು ವರ್ಷ, ಕ್ಲಾಸಿನಲ್ಲಿ ತುಟಿ ಬಿಚ್ಚದವಳು. "ಮೈ ಡಾಟರ್ ಸಿಟಿಜನ್. ಮದರ್ ಡಿಪೆಂಡೆಂಟ್" ಎಂದು ಕೂತುಬಿಟ್ಟಳು. ತಪ್ಪು ತಿದ್ದಲು ಹೋದವಳು ಪೆನ್ನು ಕೆಳಗಿಟ್ಟೆ. ನನ್ನ ಪರ್ಸಿನಲ್ಲಿರುವ ಕಾರ್ಡಿನ ಮೇಲೂ ಅದೇ ಪದ ಇದೆ. ನಮ್ಮ ಮನೆಯವರಿಗೆ ಬ್ಯಾಂಕು ತಂಜಾಂಗ್ ಪಗಾರ್‌ನಲ್ಲಿ ಕೆಲಸ ಕೊಟ್ಟಿದೆ, ಇವರು ಇಲ್ಲಿರಲು ಸಿಕ್ಕ ಪಾಸಿನ ಬಾಲಕ್ಕೆ ನನ್ನ ಪಾಸು.

ಜುಲೈ 7, ಭಾನುವಾರ

ಇವರಿಗೆ ಏಳನೇ ಪಾಠದ ವಿಷಯ ಹೇಳಿದೆ. "ಪಿಆರ್ ಅರ್ಜಿ ಹಾಕಿದೀವಿ, ಮರೀಬೇಡ" ಎಂದರು, ಇಲ್ಲೇ ಕಾಯಂ ನೆಲೆಸುವ ಅನುಮತಿಯ ಅರ್ಜಿ. ಅಷ್ಟೇ. ಇಡ್ಲಿಗೆ ಇನ್ನೊಂದು ಸೌಟು ಚಟ್ನಿ ಕೇಳಿದರು.

ಜುಲೈ 13, ಶನಿವಾರ

ಕ್ಲಾಸು ಮುಗಿದ ಮೇಲೆ ಲಿಯೆನ್ ಹೋಗಲಿಲ್ಲ. ಕುರ್ಚಿ ಜೋಡಿಸಿದಳು, ಬೋರ್ಡು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ "ಕೋ" ಎಂದು ಕರೆದಳು. ಕೋ ಎಂದರೆ ಅವರಲ್ಲಿ ಮೇಡಂ ಎಂದೂ ಹೌದು, ಸೋದರತ್ತೆ ಎಂದೂ ಹೌದು. ನನಗೆ ಆ ಪದ ಇಷ್ಟ. ತಮ್ಮನ್ನು ತಾವು 'ಎಮ್' ಎಂದುಕೊಳ್ಳುತ್ತಾರೆ, ಅಂದರೆ ತಂಗಿ. ಇಂಗ್ಲಿಷ್ ಮಾತಾಡುವಾಗಲೂ 'ಐ' ಎನ್ನಲು ನಾಲಿಗೆ ಹೊರಳುವುದಿಲ್ಲ, ಎಮ್ ಎಮ್ ಎನ್ನುತ್ತಲೇ ಇರುತ್ತಾರೆ.

ಅವಳು ಹೇಳಿದ್ದಿಷ್ಟು. ಅವಳ ಪಾಸು ಆಗಸ್ಟ್ ಮೂವತ್ತೊಂದಕ್ಕೆ ಮುಗಿಯುತ್ತದೆ. ನವೀಕರಿಸಲು ಗಂಡ ಸಹಿ ಹಾಕಬೇಕು. ಗಂಡ ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು, ಬೇರೆಯವಳ ಜೊತೆ ಇದ್ದಾನೆ, ಸಹಿ ಹಾಕುವುದಿಲ್ಲ ಎಂದಿದ್ದಾನೆ. ಮಗಳು ಶಿನ್ ಯೀಗೆ ಏಳು ವರ್ಷ, ಒಂದನೇ ತರಗತಿ, ಹುಟ್ಟಿನಿಂದ ಇಲ್ಲಿನ ಪ್ರಜೆ. ಪಾಸು ಹೋದರೆ ತಾಯಿ ವಿಮಾನ ಹತ್ತಬೇಕು, ಮಗು ಇಲ್ಲೇ ಇರಬೇಕು, ಅಪ್ಪನ ಮನೆಯಲ್ಲಿ.

ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ವಾರಕ್ಕೊಂದು ಸಂಜೆ ಆಯಾ ಕ್ಷೇತ್ರದ ಎಂಪಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲಿ ಕೂತು ಜನರ ಅಹವಾಲು ಕೇಳುತ್ತಾರೆ. ಅವಳ ಕಡೆಯದು ಸೋಮವಾರ. ಅಲ್ಲಿಗೆ ಹೋಗೋಣ, ಎಂಪಿ ವಲಸೆ ಇಲಾಖೆಗೆ ಒಂದು ಪತ್ರ ಬರೆದುಕೊಟ್ಟರೆ ತೂಕ ಬರುತ್ತದೆ ಎಂದೆ.

"ಎಮ್ ನೋ ಇಂಗ್ಲಿಷ್" ಎಂದಳು.

"ನಾನು ಬರ್ಕೊಡ್ತೀನಿ" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅರ್ಥವಾಯಿತೋ ಏನೋ, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

ಜುಲೈ 14, ಭಾನುವಾರ

ಅರ್ಜಿ ಬರೆಯುವುದು ನಮ್ಮ ಮನೆ ವಿದ್ಯೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಬೆಳಗ್ಗೆ ಕಾಫಿಗೆ ಮೊದಲೇ ಜಗಲಿಯ ಮೇಲೆ ನಾಲ್ಕು ಜನ ಅರ್ಜಿಗೆ ಕಾಯುತ್ತಿದ್ದರು. ಆ ಇಂಗ್ಲಿಷು ನನಗೆ ರಕ್ತದಲ್ಲೇ ಬಂದಿದೆ.

ಒಂದೂವರೆ ಪುಟ ಬರೆದೆ. ಈ ಕೆಳಗೆ ಸಹಿ ಮಾಡಿರುವ ಅಬಲೆಯಾದ ನಾನು ತಮ್ಮ ಪಾದಾರವಿಂದಗಳಲ್ಲಿ ಅತ್ಯಂತ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ, ಎಂಬ ಧಾಟಿಯಲ್ಲಿ ಶುರು. ಗಂಡನೇ ತನಗೆ ಸರ್ವಸ್ವ, ಗಂಡನೇ ಮನೆಯ ಯಜಮಾನ, ಆತನ ಆಸರೆಯ ಹೊರತು ತನಗೆ ಗತಿಯಿಲ್ಲ, ಆತನ ಮನಸ್ಸು ತಾತ್ಕಾಲಿಕವಾಗಿ ಕಲಕಿದೆ, ಆದಕಾರಣ ದಯಾಳುಗಳಾದ ತಾವು ಕೃಪೆದೋರಬೇಕು. ಗಂಡನನ್ನು ಬೈಯದೆ ಬರೆದದ್ದು ನನ್ನ ಜಾಣತನ. ಅಧಿಕಾರಿಗಳಿಗೆ ಸಂಸಾರಸ್ಥ ಹೆಂಗಸು ಎಂಬ ಭಾವನೆ ಬರಬೇಕು.

ಮಗಳು ಶ್ರೀಯಾ ಹೆಗಲ ಮೇಲಿಂದ ಓದಿದಳು. ಹದಿನೇಳು ವರ್ಷದ ಸಿಂಗಪುರದ ಸೊಕ್ಕು. "ಅಮ್ಮಾ, ಸೋ ಲಾಂಗ್ ಒನ್! ಇದು ದೇವರಿಗಾ, ಎಂಪಿಗಾ? ಯಾರೂ ಹಿಂಗ್ ಬರಿಯಲ್ಲ ಲಾ."

"ನಿನಗೇನು ಗೊತ್ತು ಅರ್ಜಿ ಅಂದ್ರೆ?" ಎಂದೆ.

ಜುಲೈ 20, ಶನಿವಾರ

ಕೊಟ್ಟ ಐದನೇ ದಿನಕ್ಕೆ ಲಿಯೆನ್ ಒಂದೂವರೆ ಪುಟವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ. 'ಅಬಲೆ' ಎನ್ನಲು ನಾನು ಹಾಕಿದ ಇಂಗ್ಲಿಷ್ ಪದಕ್ಕೆ ಅರ್ಥವೇನು ಎಂದು ಬಿಕ್ ಕೇಳಿದಳು. ಸೋಮವಾರ ಆಗಲಿ, ಆಮೇಲೆ ಹೇಳುತ್ತೇನೆ ಎಂದೆ. ಸ್ವಂತ ವಾಕ್ಯದ ನಿಯಮ ಇವತ್ತೊಂದು ದಿನ ಬದಿಗಿಟ್ಟೆ. ಕೆಲಸ ಆಗುವುದು ಮುಖ್ಯ.

ಜುಲೈ 22, ಸೋಮವಾರ

ಹಾಳಾಯಿತು.

ಟೋಕನ್ ತೆಗೆದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಗಂಟೆ ಕಾದೆವು. ಲಿಯೆನ್ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದಳು. ಮೊದಲು ಸ್ವಯಂಸೇವಕರು ವಿಷಯ ಬರೆದುಕೊಳ್ಳುತ್ತಾರೆ, ಆಮೇಲೆ ಎಂಪಿ. ನಮ್ಮ ಟೇಬಲ್ಲಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬ ಚೀನೀ ಹೆಣ್ಣುಮಗಳು, ಶ್ರೀಯಾಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು.

ಲಿಯೆನ್ ಕಣ್ಣು ಮುಚ್ಚಿ ಶುರು ಮಾಡಿದಳು. ಮೊದಲ ಪ್ಯಾರಾ ತಪ್ಪಿಲ್ಲದೆ ಬಂತು. ಹುಡುಗಿ ಬೆರಗಾಗಿ ಕೇಳಿದಳು, "ಆಂಟಿ, ಸೋ ವಾಟ್ ಯು ವಾಂಟ್ ಅಸ್ ಟು ಡೂ?" ಲಿಯೆನ್‌ಗೆ ಅದು ಪಾಠದಲ್ಲಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಎರಡನೇ ಪ್ಯಾರಾದಲ್ಲಿ ನಿಂತುಹೋಯಿತು.

ನಾನು ಪತ್ರವನ್ನೇ ಮುಂದಿಟ್ಟೆ. ಮದುವೆಯಾಗಿ ಎಷ್ಟು ವರ್ಷ ಎಂದು ಹುಡುಗಿ ಲಿಯೆನ್‌ಳನ್ನು ಕೇಳಿದಳು, ನಾನು ಹೇಳಿದೆ. ಮಗುವಿಗೆ ಎಷ್ಟು ವಯಸ್ಸು, ನಾನು ಹೇಳಿದೆ. ಯಾವ ಶಾಲೆ, ಅದನ್ನೂ ನಾನೇ ಹೇಳಿದೆ. ಹುಡುಗಿ ನನ್ನ ಕಡೆ ತಿರುಗಿ, ನೀವು ಯಾರು ಎಂದಳು. ಟೀಚರ್ ಎಂದೆ. ಪತ್ರ ಓದಿದಳು, ಎರಡು ಸಲ ಓದಿದಳು. ಬಹಳ ಮರ್ಯಾದೆಯಿಂದಲೇ ಹೇಳಿದಳು: ಗಂಡನೇ ಎಲ್ಲ, ಅವರೇ ನೋಡಿಕೊಳ್ಳುತ್ತಾರೆ, ಮನಸ್ತಾಪ ತಾತ್ಕಾಲಿಕ ಎಂದು ಇದರಲ್ಲೇ ಇದೆಯಲ್ಲ, ಹಾಗಿದ್ದರೆ ಅವರೇ ಬಂದರೆ ಒಳ್ಳೆಯದು, ಮುಂದಿನ ವಾರ ಗಂಡನನ್ನು ಕರೆದುಕೊಂಡು ಬನ್ನಿ.

ಎಂಪಿಯ ಹತ್ತಿರ ಹೋಗುವ ಮೊದಲೇ ಹೊರಗೆ ಬಂದೆವು.

ಲಿಫ್ಟಿನ ಹತ್ತಿರ ಲಿಯೆನ್ ಹೇಳಿದ್ದು, "ಸಾರಿ ಕೋ. ಎಮ್ ಫರ್ಗೆಟ್ ಪ್ಯಾರಾಗ್ರಾಫ್ ಟೂ."

ನನಗೆ ಸಾರಿ ಹೇಳಿದಳು! ಕಣ್ಣೀರು ಬಂತು.

ಜುಲೈ 23, ಮಂಗಳವಾರ

ಆ ಹುಡುಗಿಗೆ ಓದಲು ಬರುವುದಿಲ್ಲ. ಪತ್ರದಲ್ಲಿ ತಪ್ಪಿಲ್ಲ. ಈಗಿನವರಿಗೆ ವಿನಯ ಎಂದರೆ ಗೊತ್ತಿಲ್ಲ, ಅಷ್ಟೇ.

ಜುಲೈ 27, ಶನಿವಾರ

ಕ್ಲಾಸಿಗೆ ಹೋದರೆ ಕೋಣೆಗೆ ಬೀಗ. ಎಂಟು ಹೆಂಗಸರೂ ಬಾಗಿಲ ಮುಂದೆ ನಿಂತಿದ್ದರು. ನಾನು ಒಬ್ಬಳನ್ನು ಎಂಪಿಯ ಸಭೆಗೆ ಕರೆದೊಯ್ದದ್ದು ಗುಂಪಿನವರಿಗೆ ತಿಳಿದಿದೆ. ಪ್ರತಾಪ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿ, ನಮ್ಮ ಮನೆಯಿರುವ ಜುರಾಂಗ್ ಈಸ್ಟ್‌ವರೆಗೂ ರೈಲಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಿದ್ದರೂ ಕೂರುವ ಮನಸ್ಸಾಗಲಿಲ್ಲ.

ಮನೆಯಲ್ಲಿ ಇವರು ಕಾಯುತ್ತಿದ್ದರು.

"ಪ್ರತಾಪ್ ಫೋನ್ ಮಾಡಿದ್ದ."

"ಯಾರಿಗೆ?"

"ನನಗೆ. 'ದ್ವಾರಕನಾಥ್ ಸರ್, ಮೇಡಂಗೆ ಸ್ವಲ್ಪ ನೀವೇ ಹೇಳಿ' ಅಂದ. ಪಾಪ, ಬಹಳ ರೆಸ್ಪೆಕ್ಟಿಂದಾನೇ ಹೇಳ್ದ."

"ಪಾಠ ಮಾಡೋಳು ನಾನು. ಫೋನು ನಿಮಗ್ಯಾಕೆ?"

"ಕೌಸಲ್ಯಾ, ನಿನ್ನ ಪಾಸು ನನ್ನ ಪಾಸಿನ ಮೇಲೆ ನಿಂತಿದೆ. ಆ ಹೆಂಗಸಿನ ಸಂಸಾರದ ರಗಳೆಗೆ ನೀನ್ಯಾಕೆ ತಲೆ ಕೊಡ್ತೀಯ? ಕ್ಷಮೆ ಕೇಳಿ ಒಂದು ಮೇಲ್ ಕಳ್ಸು, ಮುಗೀತದೆ. ಡ್ರಾಫ್ಟ್ ನಾನೇ ಮಾಡ್ಕೊಡ್ತೀನಿ."

ಹೆದರಿದ್ದಾರೆ, ಅದು ಮುಖದಲ್ಲೇ ಕಾಣುತ್ತಿತ್ತು. ಐವತ್ತೈದರಲ್ಲಿ ಇನ್ನೊಂದು ಊರಿನಲ್ಲಿ ಕೆಲಸ ಹುಡುಕುವುದು ಹುಡುಗಾಟವಲ್ಲ, ಗೊತ್ತು. ಆದರೂ ನನ್ನ ಮೇಲಿನ ದೂರು ಇವರಿಗೆ ಯಾಕೆ ಹೋಯಿತು? ಮೈಸೂರಿನಲ್ಲಿ ನನ್ನ ಮೇಲೆ ದೂರಿದ್ದರೆ ಹೆಡ್‌ಮಾಸ್ಟರು ನನ್ನನ್ನೇ ಕರೆಯುತ್ತಿದ್ದರು. ರಾತ್ರಿ ಊಟ ಮಾಡಲಿಲ್ಲ. ಅಪ್ಪ ಮಗಳಿಗೆ ಬಡಿಸಲೂ ಇಲ್ಲ.

ಆಗಸ್ಟ್ 1, ಗುರುವಾರ

ಇವರು ಮಾಡಿದ ಡ್ರಾಫ್ಟು ಬಂದಿದೆ. ಬ್ಯಾಂಕಿನ ಇಂಗ್ಲಿಷು, ಒಂದು ಅಲ್ಪವಿರಾಮವೂ ತಪ್ಪಿಲ್ಲ. ನನ್ನ ತಿಳಿವಳಿಕೆಯ ಕೊರತೆಯಿಂದ ಆದ ಅಚಾತುರ್ಯಕ್ಕೆ ಹೃತ್ಪೂರ್ವಕ ವಿಷಾದ. ಸ್ಥಳೀಯ ಸೂಕ್ಷ್ಮಗಳ ಅರಿವು ನನಗಿರಲಿಲ್ಲ. ಇನ್ನು ಮುಂದೆ ತಮ್ಮ ಮಾರ್ಗದರ್ಶನದಂತೆಯೇ ನಡೆದುಕೊಳ್ಳುತ್ತೇನೆ. ಕೆಳಗೆ ನನ್ನ ಹೆಸರು.

ಮೂರು ಸಲ ಓದಿದೆ. ಯಾರಿವಳು? ಇವಳನ್ನು ನಾನು ಎಲ್ಲೂ ನೋಡಿಲ್ಲ. ಇವಳು ಎದುರಿಗೆ ಬಂದರೆ ಒಂದು ಲೋಟ ನೀರು ಕೊಟ್ಟು ಕಳಿಸಬೇಕು ಅನ್ನಿಸಿತು.

ಆಮೇಲೆ ಲಿಯೆನ್‌ಗೆ ಬರೆದುಕೊಟ್ಟ ಪತ್ರದ ಪ್ರತಿ ತೆಗೆದೆ. ಎರಡನೇ ಸಾಲಿಗಿಂತ ಮುಂದೆ ಓದಲಾಗಲಿಲ್ಲ. ಅವಳ ಹೆಸರಿಟ್ಟುಕೊಂಡ ಯಾವಳೋ ಒಬ್ಬಳನ್ನು ನಾನು ಅಪ್ಪನ ಜಗಲಿಯಿಂದ ಎಬ್ಬಿಸಿಕೊಂಡು ಬಂದಿದ್ದೆ. ಆ ಹುಡುಗಿ ಸರಿಯಾಗಿಯೇ ಓದಿದ್ದಾಳೆ. ಉಳಿದಿರುವುದು ಒಂದೇ ತಿಂಗಳು, ಹತ್ತು ದಿನ ನಾನು ಆಗಲೇ ತಿಂದುಹಾಕಿದ್ದೇನೆ. ಮಗು ಏನಾದರೂ ತಾಯಿಯಿಂದ ಅಗಲಿದರೆ ಅದರ ಪಾಪ ನನ್ನ ಒಂದೂವರೆ ಪುಟಕ್ಕೆ.

ಆಗಸ್ಟ್ 2, ಶುಕ್ರವಾರ

ಪ್ರತಾಪ್‌ಗೆ ಮೇಲ್ ಕಳಿಸಿದೆ. ನಾಲ್ಕು ಸಾಲು. ನಾನು ತಪ್ಪು ಮಾಡಿಲ್ಲ. ಕೋಣೆ ನಿಮ್ಮದು, ಬೀಗ ಹಾಕಿಕೊಳ್ಳಿ. ಪಾಠ ನನ್ನದು, ಬೇರೆ ಕಡೆ ಮಾಡುತ್ತೇನೆ. ಇನ್ನು ಮೇಲೆ ಏನಿದ್ದರೂ ನನಗೇ ಫೋನ್ ಮಾಡಿ.

ದ್ವಾರಕನಾಥ್ ಕಾಫಿ ಹಿಡಿದುಕೊಂಡು ಓದಿದರು. "ಇದನ್ನ ಕಳಿಸ್ತೀಯಾ?"

"ಕಳಿಸಾಯ್ತು."

ಆಗಸ್ಟ್ 3, ಶನಿವಾರ

ಕ್ಲಾಸು ಈಗ ಹಾಕರ್ ಸೆಂಟರಿನಲ್ಲಿ, ಸಾಲು ಊಟದಂಗಡಿಗಳ ನಡುವೆ. ಮಧ್ಯಾಹ್ನ ಮೂರಕ್ಕೆ ಊಟದ ಗದ್ದಲ ಇರುವುದಿಲ್ಲ. ಕಬ್ಬಿನ ಹಾಲಿನ ಅಂಗಡಿಯ ಪಕ್ಕ ಎರಡು ಟೇಬಲ್ ಹಿಡಿದೆವು. ಎಂಟಕ್ಕೆ ಎಂಟೂ ಜನ ಬಂದಿದ್ದರು. ಎಲ್ಲರಿಗೂ ಕಬ್ಬಿನ ಹಾಲು ಹೇಳಿದೆ.

ಲಿಯೆನ್‌ಗೆ ಹೇಳಿದೆ, "ಆ ಪತ್ರ ಸರಿಯಿಲ್ಲ. ತಪ್ಪು ನನ್ನದು. ಹರಿದುಹಾಕು." ಅವಳು ಬೆಚ್ಚಿದಳು. ಈಗ ಪೂರ್ತಿ ಬರುತ್ತದೆ, ಎರಡನೇ ಪ್ಯಾರಾ ಕೂಡ ಬರುತ್ತದೆ ಎಂದಳು. ನಾನು ಕೈ ಚಾಚಿ ಕಿತ್ತುಕೊಂಡು ಹರಿದೇಬಿಟ್ಟೆ.

ಅವಳ ಮುಖ ಕೆಂಪಾಯಿತು. "ಮೈ ಪೇಪರ್!" ಎಂದು ಟೇಬಲ್ ಕುಟ್ಟಿದಳು. ಆಮೇಲೆ ಅವಳ ಭಾಷೆಯಲ್ಲಿ ಬೈದಳು, ಉದ್ದಕ್ಕೆ. ಏನೆಂದಳು ಎಂದು ಬಿಕ್‌ನನ್ನು ಕೇಳಿದೆ. ಎಲ್ಲರೂ ಅವಳ ಕೈಯಿಂದ ಕಿತ್ತುಕೊಳ್ಳುವವರೇ, ಗಂಡ ಪಾಸ್‌ಪೋರ್ಟು ಕಿತ್ತುಕೊಂಡಿದ್ದ, ಅತ್ತೆ ಮಗುವನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾಳೆ, ಈಗ ಕೋ ಕೂಡ, ಎಂದಳಂತೆ.

ಬೈಸಿಕೊಂಡೆ. ನ್ಯಾಯವಾಗಿಯೇ ಬೈದಳು. ಸ್ವಲ್ಪ ಹೊತ್ತಾದ ಮೇಲೆ, ಆ ಹುಡುಗಿ ಕೇಳಿದ್ದನ್ನೇ ಕೇಳಿದೆ. "ನಿನಗೆ ಏನು ಬೇಕು?"

ಹರಿದ ಚೂರುಗಳನ್ನೆಲ್ಲ ಒಟ್ಟು ಮಾಡಿ ಬದಿಗಿಟ್ಟಳು. "ಎಮ್ ವಾಂಟ್ ಸ್ಟೇ. ವಿತ್ ಮೈ ಡಾಟರ್."

"ಅಲ್ಲಿ ಯಾರೂ ನಿನಗೆ ಅಕ್ಕ ಅಲ್ಲ, ನೀನು ಯಾರಿಗೂ ತಂಗಿ ಅಲ್ಲ" ಎಂದಳು ಬಿಕ್. "ಐ ಅನ್ನು."

ಆಮೇಲೆ ಬಿಕ್ ಎಂಪಿಯಾದಳು. ಕನ್ನಡಕ ಇನ್ನೊಬ್ಬಳದು. ಗಂಡ ಎಲ್ಲಿ, ನಿನಗೆ ಕೆಲಸ ಇದೆಯಾ, ಮಗುವನ್ನು ಊರಿಗೆ ಕರೆದುಕೊಂಡು ಹೋಗಬಾರದಾ, ಎಂದು ಒಂದೊಂದೇ ಬಾಣ ಬಿಟ್ಟಳು. ಲಿಯೆನ್ ತಡವರಿಸುತ್ತಾ ಉತ್ತರ ಹುಡುಕಿದಳು. ನನಗೆ ಉತ್ತರ ಎಲ್ಲ ಬಾಯಿಯಲ್ಲೇ ಇತ್ತು. ಮೂರು ಸಲ ನಡುವೆ ಬಾಯಿ ಹಾಕಿದೆ. ಮೂರನೇ ಸಲ ಬಿಕ್ ನನ್ನ ಮುಂದೆ ಇನ್ನೊಂದು ಲೋಟ ಕಬ್ಬಿನ ಹಾಲು ತಂದಿಟ್ಟು, "ಕೋ, ಡ್ರಿಂಕ್" ಎಂದಳು. ಇಷ್ಟು ಸಭ್ಯವಾಗಿ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ.

ಆಗಸ್ಟ್ 9, ಶುಕ್ರವಾರ

ನ್ಯಾಷನಲ್ ಡೇ. ಎಲ್ಲ ಬ್ಲಾಕಿಗೂ ಬಾವುಟ. ಲಿಯೆನ್ ಮೆಸೇಜ್ ಮಾಡಿದ್ದಾಳೆ, ಶಿನ್ ಯೀ ಬಾವುಟ ಹಿಡಿದ ಫೋಟೋ. ಮುಂದಿನ ಎರಡು ಹಲ್ಲು ಇಲ್ಲ. ಇನ್ನು ಇಪ್ಪತ್ತೆರಡು ದಿನ. ದ್ವಾರಕನಾಥ್ ಕೂಡ ಫೋಟೋ ನೋಡಿದರು, ದೊಡ್ಡದು ಮಾಡಿ ನೋಡಿದರು.

ಆಗಸ್ಟ್ 12, ಸೋಮವಾರ

ಮರೆಯುವ ಮೊದಲು ಎಲ್ಲ ಬರೆದಿಡಬೇಕು.

ಈ ಸಲ ನಾನು ಟೇಬಲ್ಲಿನ ಹತ್ತಿರ ಹೋಗಲಿಲ್ಲ. ಕಂಬದ ಆಚೆಯ ಕಲ್ಲಿನ ಬೆಂಚಿನ ಮೇಲೆ ಕೂತೆ. ಕೇಳಿಸುವಷ್ಟು ಹತ್ತಿರ, ಬಾಯಿ ಹಾಕಲಾಗದಷ್ಟು ದೂರ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ, ಈಗಲೂ ಅದು ಸುಕ್ಕಾಗಿಯೇ ಇದೆ.

ಅದೇ ಹುಡುಗಿ. ಗುರುತು ಹಿಡಿದಳು. "ಆಂಟಿ, ಹಸ್ಬೆಂಡ್ ನೆವರ್ ಕಮ್ ಆ?"

ಲಿಯೆನ್ ಕಣ್ಣು ಮುಚ್ಚಲಿಲ್ಲ. "ಹಸ್ಬೆಂಡ್ ನಾಟ್ ಹಿಯರ್. ಐ ಆಮ್ ಹಿಯರ್. ಯು ಆಸ್ಕ್ ಮಿ."

ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. "ಓಕೆ ಆಂಟಿ. ಐ ಆಸ್ಕ್ ಯು."

ಕೇಳಿದಳು, ಇವಳು ಹೇಳಿದಳು. ಎಷ್ಟೋ ಕಡೆ ಕ್ರಿಯಾಪದ ಇರಲಿಲ್ಲ, ಎಷ್ಟೋ ಕಡೆ ಕೈಯಲ್ಲೇ ತೋರಿಸಿದಳು. ಮಗಳನ್ನು ಏಳಿಸುವವಳು ನಾನು. ಶಾಲೆಗೆ ಬಿಡುವವಳು ನಾನು. ಜ್ವರ ಬಂದಾಗ ಆಸ್ಪತ್ರೆಯ ಕಾಗದಕ್ಕೆ ಸಹಿ ನಂದು, ಶಾಲೆಯ ಕಾಗದಕ್ಕೆ ಸಹಿ ನಂದು. ಆ ಕಾಗದಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದಳು. ಅದನ್ನು ನನಗೂ ಹೇಳಿರಲಿಲ್ಲ. ಒಂದೊಂದನ್ನೇ ತೆಗೆದು ಟೇಬಲ್ ತುಂಬ ಹರಡಿದಳು. ಒಂದೂವರೆ ಪುಟ ಬರೆದ ನಾನು ಅವಳಲ್ಲಿ ಏನೇನು ಕಾಗದವಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಎಂಪಿಯ ಟೇಬಲ್ಲು. ನಡುವಯಸ್ಸಿನ ಹೆಂಗಸು, ಧ್ವನಿ ಸಣ್ಣದು, ನನಗೆ ಅರ್ಧವೇ ಕೇಳಿಸಿತು. ಇಲಾಖೆಗೆ ಪತ್ರ ಬರೆಯುತ್ತೇನೆ, ಆದರೆ ತೀರ್ಮಾನ ಅವರದು, ನಾನು ಮಾತು ಕೊಡಲಾಗುವುದಿಲ್ಲ ಎಂದರು.

ಲಿಯೆನ್ ಎದ್ದು ನಿಂತಳು. "ಐ ನೋ ಆಸ್ಕ್ ಪ್ರಾಮಿಸ್. ಐ ಆಸ್ಕ್ ಲೆಟರ್. ಐ ಅಪೀಲ್."

ನಲವತ್ತು ಪದಗಳಲ್ಲಿ ಅವಳು ಬಳಸಿದ್ದು ಅದೊಂದನ್ನೇ. ಅದನ್ನು ಸರಿಯಾದ ಕಡೆ ಇಟ್ಟಳು. ನನ್ನ ಇಪ್ಪತ್ತೆರಡು ವರ್ಷದ ಪೌರನೀತಿಯಲ್ಲಿ ಒಬ್ಬ ವಿದ್ಯಾರ್ಥಿಗೂ ಇಂಥ ಉತ್ತರಕ್ಕೆ ನಾನು ಮಾರ್ಕು ಕೊಟ್ಟಿಲ್ಲ, ಏಕೆಂದರೆ ಒಬ್ಬರೂ ಇಂಥ ಉತ್ತರ ಬರೆದಿಲ್ಲ.

ಹೊರಗೆ ಬಂದವಳು ಕಾಗದಗಳನ್ನು ಡಬ್ಬಿಗೆ ತುಂಬಿ ಮುಚ್ಚಿದಳು. ಡಬ್ಬಿ ನಾನು ಹಿಡಿದುಕೊಳ್ಳಲಾ ಎಂದು ಕೇಳಿದೆ. ಕೇಳಿ, ಅವಳು ಕೊಟ್ಟ ಮೇಲೆ ತೆಗೆದುಕೊಂಡೆ.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಸಂಜೆ ಅರಿಶಿನ ಕುಂಕುಮಕ್ಕೆ ಹದಿನೈದು ಜನ. ಪ್ರತಾಪನ ಹೆಂಡತಿ ನಿಶ್ಚಿತಾ ಕೂಡ ಬಂದಿದ್ದಳು, ಬರುವುದಿಲ್ಲ ಎಂದುಕೊಂಡಿದ್ದೆ.

"ಆಂಟಿ, ಕ್ಲಾಸ್ ನಿಲ್ಸಿದ್ರಂತೆ?" ಎಂದು ಎಲ್ಲರ ಮುಂದೆ ಕೇಳಿದಳು.

"ಇಲ್ಲಮ್ಮ, ಶಿಫ್ಟ್ ಆಗಿದೆ ಅಷ್ಟೇ. ಏಳನೇ ಪಾಠ ಇನ್ನೂ ನಡೀತಿದೆ."

ಕೋಸಂಬರಿ ತರುತ್ತಿದ್ದ ದ್ವಾರಕನಾಥ್, "ಕಬ್ಬಿನ ಹಾಲಿನ ಅಂಗಡಿ ಪಕ್ಕ. ಬೇಕಾದ್ರೆ ನೀವೂ ಹೋಗಿ" ಎಂದರು. ನನಗೇ ಗಾಬರಿಯಾಯಿತು. ಇವರಿಗೆ ಜಾಗ ಹೇಗೆ ಗೊತ್ತು? ಕೇಳಿದರೆ, ಹೋದ ಶನಿವಾರ ಆ ಕಡೆ ಬಂದಿದ್ದೆ, ದೂರದಿಂದ ನೋಡಿ ವಾಪಸ್ ಬಂದೆ ಎಂದರು. "ನೀನು ಸುಮ್ನೆ ಕೂತು ಕೇಳ್ತಿದ್ದೆ. ಅದನ್ನ ನಾನು ಮೂವತ್ತು ವರ್ಷದಲ್ಲಿ ನೋಡಿರ್ಲಿಲ್ಲ."

ಕುಹಕವೋ ಮೆಚ್ಚುಗೆಯೋ ದೇವರೇ ಬಲ್ಲ. ಪಾತ್ರೆ ಅವರ ಕೈಯಲ್ಲೇ ತೊಳೆಸಿದೆ.

ಆಗಸ್ಟ್ 23, ಶುಕ್ರವಾರ

ಲಿಯೆನ್‌ಗೆ ಇಲಾಖೆಯಿಂದ ಕರೆ ಬಂದಿದೆ. ಮೂವತ್ತನೇ ತಾರೀಕು ಬೆಳಗ್ಗೆ ಹತ್ತಕ್ಕೆ, ಮೂಲ ಕಾಗದಗಳ ಸಮೇತ. ಪಾಸು ಮುಗಿಯುವುದು ಮಾರನೇ ದಿನ. ನಿದ್ದೆ ಇಲ್ಲ.

ಆಗಸ್ಟ್ 29, ಗುರುವಾರ

ನಾಳೆಗೆ ಹತ್ತಿ ಸೀರೆ ತೆಗೆದಿಟ್ಟೆ. ಕಾಗದಗಳಿಗೆ ಫೈಲು ಕೊಂಡೆ. ಎಂಟೂವರೆಗೆ ಹೊರಟರೆ ಸಾಕು. ಹೊರಗೆ ಕೂರುತ್ತೇನೆ, ಒಂದು ಮಾತೂ ಆಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಲಿಯೆನ್ ಫೋನ್ ಮಾಡಿದಳು. "ಕೋ, ಟುಮಾರೋ ಯು ನೋ ಕಮ್."

ಯಾಕೆ ಎಂದೆ.

"ಯು ಕಮ್, ಐ ಲುಕ್ ಯು. ಐ ನೋ ವಾಂಟ್ ಲುಕ್ ಯು. ಐ ವಾಂಟ್ ಲುಕ್ ದೆಮ್."

ಸರಿ ಎಂದು ಫೋನ್ ಇಟ್ಟೆ. ಎಷ್ಟು ಕೋಪ ಬಂತು ಎಂದರೆ ಬಚ್ಚಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಪ್ರತಾಪನ ಮಾತು ಕೇಳಲಿಲ್ಲ, ದ್ವಾರಕನಾಥ್ ಮಾತು ಕೇಳಲಿಲ್ಲ, ಇವಳ ಮಾತು ಕೇಳಬೇಕಂತೆ. ಒಂಬತ್ತು ಗಂಟೆಯ ಹೊತ್ತಿಗೆ ಕೋಪ ಇಳಿಯಿತು. ಸೀರೆ ಮಡಚಿ ಬೀರುವಿನಲ್ಲಿಟ್ಟೆ.

ಆಗಸ್ಟ್ 30, ಶುಕ್ರವಾರ

ಹತ್ತು ಗಂಟೆ. ಹತ್ತೂವರೆ. ಹನ್ನೊಂದು. ಬೀನ್ಸ್ ಹೆಚ್ಚಿದೆ, ಎರಡು ದಿನಕ್ಕಾಗುವಷ್ಟು. ದ್ವಾರಕನಾಥ್ ಬ್ಯಾಂಕಿನಿಂದ ಎರಡು ಸಲ ಫೋನ್ ಮಾಡಿ ಕೇಳಿದರು. ಗೊತ್ತಿಲ್ಲ ಎಂದೆ. ಹನ್ನೆರಡಕ್ಕೆ ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನವರೆಗೂ ಹೋಗಿ ವಾಪಸು ಬಂದೆ.

ಒಂದೂ ಇಪ್ಪತ್ತಕ್ಕೆ ಫೋನು.

"ಕೋ. ಒನ್ ಇಯರ್."

ಒಂದು ವರ್ಷಕ್ಕೆ ಪಾಸು ಕೊಟ್ಟಿದ್ದಾರೆ! ಮುಂದಿನ ಸಲ ಮತ್ತೆ ಹೋಗಬೇಕು, ಆದರೂ ಒಂದು ವರ್ಷ. ಶಿನ್ ಯೀ ಎರಡನೇ ತರಗತಿಗೆ ಅಮ್ಮನ ಕೈ ಹಿಡಿದೇ ಹೋಗುತ್ತಾಳೆ. ನಾನು ಅತ್ತೆ, ಜೋರಾಗಿಯೇ ಅತ್ತೆ, ಪಕ್ಕದ ಮನೆಯವರು ಕೇಳಿದರೆ ಕೇಳಲಿ. ಆ ಕಡೆ ಅವಳೂ ಅಳುತ್ತಿದ್ದಳು.

ಅವಳು ಥ್ಯಾಂಕ್ಸ್ ಹೇಳಲಿಲ್ಲ. ಮೂಗು ಸೇದಿಕೊಂಡು ಕೆಲಸದ ಮಾತಿಗೆ ಬಂದಳು. ಅಲ್ಲಿ ಸರದಿಯಲ್ಲಿ ತನ್ನೂರ ಕಡೆಯ ಮೂವರು ಸಿಕ್ಕಿದ್ದರಂತೆ. ಮೂವರ ಕೈಯಲ್ಲೂ ಬೇರೆ ಯಾರೋ ಬರೆದುಕೊಟ್ಟ ಪತ್ರ ಇತ್ತಂತೆ. ನಾಳೆ ಕ್ಲಾಸಿಗೆ ಬನ್ನಿ ಎಂದಿದ್ದಾಳಂತೆ.

"ಟುಮಾರೋ ಐ ಟೀಚ್ ಫಸ್ಟ್" ಎಂದಳು. "ಕೋ ಸಿಟ್."

ಹಾಳಾದವಳು. ಕೂರುತ್ತೇನೆ ಎಂದೆ.